ಭದ್ರತಾ ಮಂಡಳಿಯ ವಿಟೋ ರದ್ದಾಗಬೇಕೆ?

ಪರ: ಹೌದು, ಹೋಗಬೇಕು

ವಿಟೋ ಎಂದರೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಐವರು ಕಾಯಂ ಸದಸ್ಯರಲ್ಲಿ (ಅಮೆರಿಕ, ರಷ್ಯಾ, ಚೀನಾ, ಬ್ರಿಟನ್, ಫ್ರಾನ್ಸ್) ಯಾರೇ ಒಬ್ಬರು ವಿರುದ್ಧ ಮತ ಹಾಕಿ ನಿರ್ಣಯವನ್ನು ಕೆಡವುವ ಅಧಿಕಾರ. ಅದು ಹೋಗಬೇಕು ಎಂಬ ಪಕ್ಷವನ್ನು ಸಂಪಾದಕರು ನನಗೆ ವಹಿಸಿದ್ದಾರೆ. ಮುಕ್ಕಾಲು ಪಾಲು ನಾನೂ ಹಾಗೆಯೇ ನಂಬಿದ್ದೇನೆ. ಉಳಿದ ಕಾಲು ಪಾಲು ಎಂದರೆ ವಿಟೋ ಭಾರತದ ಕೈ ಹಿಡಿದ ಗೋವಾ ಮತ್ತು ಢಾಕಾ. ಅವನ್ನು ಎದುರು ಪಕ್ಷದವರು ಹೇಗೂ ಹಿಗ್ಗಿಸಿ ಹೇಳುತ್ತಾರಾದ್ದರಿಂದ ನಾನು ಆ ಗೋಜಿಗೆ ಹೋಗುವುದಿಲ್ಲ.

2022ರ ಫೆಬ್ರವರಿ 25. ರಷ್ಯಾದ ಪಡೆಗಳು ಉಕ್ರೇನಿಗೆ ನುಗ್ಗಿದ ಮರುದಿನ. ದಾಳಿಯನ್ನು ಖಂಡಿಸುವ ನಿರ್ಣಯದ ಪರವಾಗಿ 11 ಮತ ಬಿದ್ದವು. ಭಾರತವೂ ಸೇರಿ ಮೂವರು ತಟಸ್ಥರು. ವಿರುದ್ಧ ಒಂದೇ ಒಂದು, ಅದು ರಷ್ಯಾದ್ದು. ನಿರ್ಣಯ ಬಿದ್ದುಹೋಯಿತು. ಸರದಿಯ ಪ್ರಕಾರ ಆ ತಿಂಗಳು ಅಧ್ಯಕ್ಷ ಪೀಠದಲ್ಲಿದ್ದವರೂ ರಷ್ಯಾದ ರಾಯಭಾರಿಯೇ. ಮರುವರ್ಷ ಡಿಸೆಂಬರ್ 8ರಂದು ಗಾಜಾದಲ್ಲಿ ಕದನ ವಿರಾಮ ಕೇಳಿದ ನಿರ್ಣಯಕ್ಕೆ 13 ಮತ ಬಂತು, ಬ್ರಿಟನ್ ತಟಸ್ಥವಾಯಿತು, ಅಮೆರಿಕ ಅಡ್ಡಗಾಲು ಹಾಕಿತು. ಅದೂ ಬಿದ್ದುಹೋಯಿತು.

ಇವು ಎಲ್ಲರೂ ಬಲ್ಲ ಸಂಗತಿಗಳು. ನನ್ನನ್ನು ಹೆಚ್ಚು ರೇಗಿಸುವುದು ಮ್ಯಾಸಿಡೋನಿಯಾ. ಯುಗೊಸ್ಲಾವಿಯಾ ಒಡೆದು ಸುತ್ತಮುತ್ತ ನೆತ್ತರು ಹರಿಯುತ್ತಿದ್ದಾಗ ಆ ಪುಟ್ಟ ದೇಶದ ಗಡಿಯಲ್ಲಿ, ಕಾದಾಟ ಹತ್ತಿಕೊಳ್ಳುವ ಮೊದಲೇ, ವಿಶ್ವಸಂಸ್ಥೆಯ ಪಡೆ ಕಾವಲು ನಿಂತಿತ್ತು. ವಿಶ್ವಸಂಸ್ಥೆ ಮಾಡಿದ ಬುದ್ಧಿವಂತಿಕೆಯ ಕೆಲಸಗಳಲ್ಲಿ ಅದೂ ಒಂದು. 1999ರ ಜನವರಿಯಲ್ಲಿ ಮ್ಯಾಸಿಡೋನಿಯಾ ತೈವಾನಿಗೆ ಮಾನ್ಯತೆ ಕೊಟ್ಟಿತು. ಫೆಬ್ರವರಿ 25ರಂದು ಆ ಪಡೆಯ ಅವಧಿ ವಿಸ್ತರಣೆಗೆ ಚೀನಾ ವಿಟೋ ಹಾಕಿತು. ಅಲ್ಲಿ ಪರಿಸ್ಥಿತಿ ಸುಧಾರಿಸಿದೆ, ಇನ್ನು ಪಡೆ ಬೇಡ ಎಂಬುದು ಚೀನಾ ಕೊಟ್ಟ ಕಾರಣ. ತಿಂಗಳು ಕಳೆಯುವಷ್ಟರಲ್ಲಿ ಪಕ್ಕದ ಕೊಸೊವೊದಲ್ಲಿ ಬಾಂಬು ಬೀಳತೊಡಗಿ, ಲಕ್ಷಾಂತರ ನಿರಾಶ್ರಿತರು ಅದೇ ಗಡಿ ದಾಟಿ ಬಂದರು. ತೈವಾನಿನ ಮೇಲಿನ ಸಿಟ್ಟನ್ನು ಬಾಲ್ಕನ್ ಗಡಿಯಲ್ಲಿ ತೀರಿಸಿಕೊಳ್ಳಲು ಅವಕಾಶ ಕೊಡುವ ನಿಯಮವನ್ನು ಯಾವ ತರ್ಕದಿಂದ ಸಮರ್ಥಿಸುವುದು?

ವಿಟೋವನ್ನು ಎಲ್ಲರೂ ಮನಸಾರೆ ಒಪ್ಪಿದ್ದರೆಂದೂ ಅಲ್ಲ. 1945ರಲ್ಲಿ ವಿಶ್ವಸಂಸ್ಥೆಯನ್ನು ಕಟ್ಟಲು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸೇರಿದ ಸಮ್ಮೇಳನದಲ್ಲಿ ಆಸ್ಟ್ರೇಲಿಯಾದ ವಿದೇಶಾಂಗ ಸಚಿವ ಎವಟ್ ಸಣ್ಣ ದೇಶಗಳ ಪರವಾಗಿ ಕೊನೆಯವರೆಗೂ ಜಗ್ಗಾಡಿದರು. ಅಮೆರಿಕದ ಸೆನೆಟರ್ ಕೊನಲಿ ವಿಶ್ವಸಂಸ್ಥೆಯ ಸನ್ನದಿನ, ಅಂದರೆ ಅದರ ಮೂಲ ನಿಯಮಾವಳಿಯ, ಕರಡನ್ನು ಎಲ್ಲರೆದುರು ಹರಿದು ಎಸೆದು, ವಿಟೋ ಬೇಡವೆಂದರೆ ವಿಶ್ವಸಂಸ್ಥೆಯೂ ಇಲ್ಲ ಎಂದು ತೋರಿಸಿಕೊಟ್ಟರು. ಆ ಸಮ್ಮೇಳನದಲ್ಲಿ ಭಾರತದ ನಿಯೋಗದ ಮುಖ್ಯಸ್ಥರು ಆರ್ಕಾಟ್ ರಾಮಸ್ವಾಮಿ ಮುದಲಿಯಾರ್. ಮರುವರ್ಷ ನಮ್ಮ ಮೈಸೂರಿನ ದಿವಾನರಾದವರು. ಬ್ರಿಟಿಷರ ಕೈಕೆಳಗಿನ ದೇಶದ ಪ್ರತಿನಿಧಿ ಸಹಿ ಹಾಕದೆ ಇನ್ನೇನು ಮಾಡಬಹುದಿತ್ತು?

ಸನ್ನದಿನ 108ನೇ ವಿಧಿಯ ಪ್ರಕಾರ ತಿದ್ದುಪಡಿಗೆ ಐವರು ಕಾಯಂ ಸದಸ್ಯರೂ ಒಪ್ಪಬೇಕು. ಅಂದರೆ ವಿಟೋ ತೆಗೆಯುವುದಕ್ಕೂ ವಿಟೋ ಇದೆ. ಹಾಗಿದ್ದ ಮೇಲೆ ಈ ಚರ್ಚೆ ಯಾತಕ್ಕೆ ಎಂದರೆ ನನ್ನಲ್ಲಿ ಗಟ್ಟಿ ಉತ್ತರವಿಲ್ಲ. 2022ರ ಏಪ್ರಿಲ್‌ನಲ್ಲಿ ಲಿಖ್ಟೆನ್‌ಸ್ಟೈನ್ ಮುಂದಾಳಾಗಿ, ಎಲ್ಲ ಸದಸ್ಯ ದೇಶಗಳೂ ಕೂರುವ ಮಹಾಸಭೆಯಲ್ಲಿ ಒಂದು ನಿರ್ಣಯ ತಂದಿತು: ಯಾರೇ ವಿಟೋ ಹಾಕಲಿ, ಹತ್ತು ಕೆಲಸದ ದಿನಗಳೊಳಗೆ ಮಹಾಸಭೆ ಸೇರಿ ಅದನ್ನು ಚರ್ಚಿಸಬೇಕು. ಸದ್ಯಕ್ಕೆ ಅಷ್ಟಾದರೂ ಆಗಿದೆ.

ವಿರೋಧ: ಕೂಡದು, ಇರಲೇಬೇಕು

ವಿಟೋ ಅನ್ಯಾಯ ಎನ್ನುವವರು 1961ರ ಡಿಸೆಂಬರ್ 18ರ ಮತದಾನದ ಲೆಕ್ಕವನ್ನು ಒಮ್ಮೆ ನೋಡಬೇಕು. ಅಮೆರಿಕ, ಬ್ರಿಟನ್, ಫ್ರಾನ್ಸ್, ಟರ್ಕಿ ಸೇರಿ ಮಂಡಿಸಿದ ನಿರ್ಣಯ ಅದು: ಗೋವಾದಲ್ಲಿ ಕದನ ನಿಲ್ಲಲಿ, ಭಾರತದ ಪಡೆಗಳು ಡಿಸೆಂಬರ್ 17ಕ್ಕೆ ಮೊದಲು ಎಲ್ಲಿದ್ದವೋ ಅಲ್ಲಿಗೆ ಮರಳಲಿ. ಆಗ ಮಂಡಳಿಯಲ್ಲಿದ್ದವರು 11 ಸದಸ್ಯರು, ನಿರ್ಣಯ ಪಾಸಾಗಲು ಬೇಕಿದ್ದದ್ದು 7 ಮತ, ಬಿದ್ದದ್ದೂ ಸರಿಯಾಗಿ 7. ಸಿಲೋನ್, ಲೈಬೀರಿಯಾ, ಸಂಯುಕ್ತ ಅರಬ್ ಗಣರಾಜ್ಯ ನಮ್ಮ ಪರ ನಿಂತವು, ದೊಡ್ಡ ಮಾತು. ಆದರೆ ಆ ನಿರ್ಣಯವನ್ನು ಕೆಡವಿದ್ದು ಸೋವಿಯತ್ ರಾಯಭಾರಿ ಜೋರಿನ್ ಅವರ ಒಂದು ಮತ. ಅದಿಲ್ಲದಿದ್ದರೆ 451 ವರ್ಷ ಬೇರೂರಿದ್ದ ಪೋರ್ಚುಗೀಸರಿಗೆ ಗೋವಾವನ್ನು ಮತ್ತೆ ಬಿಟ್ಟುಕೊಡಿ ಎಂದು ಜಗತ್ತೇ ನಮಗೆ ಆಜ್ಞೆ ಮಾಡಿದಂತಾಗುತ್ತಿತ್ತು.

ನನಗೆ ಇದು ಪಠ್ಯಪುಸ್ತಕದ ಇತಿಹಾಸವಲ್ಲ. ನಮ್ಮ ಅಜ್ಜಿ ಕಾರವಾರದ ಬಿಣಗಾದವಳು, ಖಾರ್ವಿ ಮನೆತನ. ಅವಳ ಮನೆಯಿಂದ ದಂಡೆಗೆ ಇಳಿದರೆ ಎದುರಿಗೇ ಅಂಜುದೀವ್ ದ್ವೀಪ, ಪೋರ್ಚುಗೀಸರದು. ಆ ವರ್ಷ ನವೆಂಬರಿನಲ್ಲಿ ದ್ವೀಪದಿಂದ ಮೊದಲು 'ಸಾಬರಮತಿ' ಹಡಗಿನ ಮೇಲೆ ಗುಂಡು ಹಾರಿತು. ವಾರ ಕಳೆದ ಮೇಲೆ ಮೀನುಗಾರರ ದೋಣಿಗಳ ಮೇಲೆ. ಒಬ್ಬ ಮೀನುಗಾರ ಸತ್ತ. ಬಂಗಡೆಯ ಕಾಲ, ಕೈತುಂಬ ಕೆಲಸವಿರಬೇಕಾದ ಹೊತ್ತು. ರಂಪಣಿ ಬಲೆ ಬಿಡಲೂ ಜನ ಹಿಂದೆ ಮುಂದೆ ನೋಡಿದರಂತೆ. ಅಜ್ಜಿ ಮನೆಯಲ್ಲಿದ್ದ ಒಣಮೀನನ್ನು ಬುಟ್ಟಿಗೆ ತುಂಬಿ ಪೇಟೆಗೆ ಹೊತ್ತು ದಿನ ದೂಡಿದಳು. ಡಿಸೆಂಬರ್ 18ರ ಬೆಳಿಗ್ಗೆ ಹಿತ್ತಲಲ್ಲಿ ಮೀನು ಕೊಯ್ಯುತ್ತ ಕೂತಿದ್ದಾಗ ಸಮುದ್ರದ ಕಡೆಯಿಂದ ತೋಪಿನ ಸದ್ದು. ನೌಕಾಪಡೆಯ 'ತ್ರಿಶೂಲ್' ಮತ್ತು 'ಮೈಸೂರ್' ಹಡಗುಗಳು ದ್ವೀಪಕ್ಕೆ ನಾವಿಕರನ್ನು ಇಳಿಸಿದ್ದವು. ಏಳು ನಾವಿಕರು ಅಲ್ಲಿ ಪ್ರಾಣ ಕೊಟ್ಟರು. ಅಜ್ಜಿ ಈಳಿಗೆ ಬಿಟ್ಟು ದಂಡೆಗೆ ಓಡಿದಳು, ತಿರುಗಿ ಬರುವಷ್ಟರಲ್ಲಿ ಮೀನನ್ನೆಲ್ಲ ಬೆಕ್ಕು ಹೊತ್ತೊಯ್ದಿತ್ತು. ಪೋರ್ಚುಗೀಸರನ್ನು ಬೈಯುವಾಗಲೆಲ್ಲ ಆ ಮೀನಿನ ಲೆಕ್ಕವನ್ನೂ ಸೇರಿಸುತ್ತಿದ್ದಳು. ರಷ್ಯಾದವರು ನಮ್ಮ ಪರ ಅಡ್ಡ ನಿಂತರು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವರು ಅಫ್ಘಾನಿಸ್ತಾನಕ್ಕೆ ನುಗ್ಗಿದಾಗ ಮನೆಯಲ್ಲಿ ಯಾರೋ ಟೀಕಿಸಿದ್ದಕ್ಕೆ ಅವರಿಗೆ ಆ ಹೊತ್ತು ಊಟಕ್ಕೆ ಮೀನು ಬಡಿಸಲಿಲ್ಲ. ಇದು ಪಕ್ಷಪಾತ ಎನ್ನುವವರು ಎನ್ನಲಿ. ಮನೆಯ ಮುಂದೆ ಗುಂಡು ಹಾರಿದ್ದು ಅವಳದು, ನಿಮ್ಮದಲ್ಲ.

ಇನ್ನು 1971. ಬಾಂಗ್ಲಾ ವಿಮೋಚನೆಯ ಯುದ್ಧದಲ್ಲಿ ಕದನ ವಿರಾಮ ಕೇಳಿದ ನಿರ್ಣಯಗಳಿಗೆ ಡಿಸೆಂಬರ್ 4, 5 ಮತ್ತು 13ರಂದು ಸೋವಿಯತ್ ಒಕ್ಕೂಟ ನಮಗಾಗಿ ವಿಟೋ ಹಾಕಿತು. ನಡುವೆ 7ರಂದು ಮಹಾಸಭೆ ಕದನ ವಿರಾಮಕ್ಕೆ ಮತ ಹಾಕಿತು: ಪರ 104, ವಿರುದ್ಧ 11. ಪೂರ್ವ ಬಂಗಾಳದಿಂದ ಸುಮಾರು ಒಂದು ಕೋಟಿ ನಿರಾಶ್ರಿತರು ನಮ್ಮ ನೆಲದಲ್ಲಿದ್ದಾಗ ಜಗತ್ತಿನ ಬಹುಮತ ನಿಂತದ್ದು ಯಾರ ಕಡೆ? 16ರಂದು ಢಾಕಾದಲ್ಲಿ ಪಾಕಿಸ್ತಾನಿ ಸೇನೆಯ ಶರಣಾಗತಿ ಆಯಿತು. ಬಹುಮತವೇ ನ್ಯಾಯ ಎನ್ನುವವರು ಈ 104ನ್ನು ಎಲ್ಲಿಡುತ್ತಾರೆ ನೋಡೋಣ. ಮರುವರ್ಷ ಚೀನಾ ತನ್ನ ವಿಟೋದಿಂದ ಬಾಂಗ್ಲಾದೇಶದ ಸದಸ್ಯತ್ವ ತಡೆಯಿತು, ನಿಜ. 1974ರಲ್ಲಿ ಅದೂ ಒಳಗೆ ಬಂತು. ಅದನ್ನೇ ದೊಡ್ಡದು ಮಾಡಬೇಕಿಲ್ಲ.

ಉಕ್ರೇನ್, ಗಾಜಾ ಎನ್ನುತ್ತಾರೆ. ಕಾಗದವೊಂದು ಪಾಸಾದರೆ ಟ್ಯಾಂಕುಗಳು ತಾವಾಗಿ ಹಿಂದಿರುಗುತ್ತವೆ ಎಂದು ನಂಬುವ ಮುಗ್ಧರ ಜೊತೆ ವಾದಿಸುವುದು ಕಷ್ಟ. 1994ರಲ್ಲಿ ರುವಾಂಡಾದಲ್ಲಿ ಹತ್ಯಾಕಾಂಡ ನಡೆಯುತ್ತಿದ್ದಾಗ ಯಾರು ವಿಟೋ ಹಾಕಿದರು? ಯಾರೂ ಇಲ್ಲ. ಏಪ್ರಿಲ್ 21ರಂದು ಮಂಡಳಿ ಒಮ್ಮತದಿಂದಲೇ ಅಲ್ಲಿನ ಶಾಂತಿಪಾಲನಾ ಪಡೆಯನ್ನು 270 ಜನಕ್ಕೆ ಇಳಿಸಿತು. ವಿಟೋ ಇಲ್ಲದ ಮಂಡಳಿ ಹೇಗಿರುತ್ತದೆ ಎಂಬುದನ್ನೂ ಜಗತ್ತು ನೋಡಿದೆ. 1950ರ ಜೂನ್‌ನಲ್ಲಿ ಚೀನಾದ ಪೀಠವನ್ನು ತೈವಾನಿಗೆ ಬಿಟ್ಟಿದ್ದಾರೆಂದು ಮುನಿಸಿಕೊಂಡು ಸೋವಿಯತ್ ಪ್ರತಿನಿಧಿ ಸಭೆಗೇ ಬರುತ್ತಿರಲಿಲ್ಲ. ಆ ಸಮಯ ನೋಡಿ ದಕ್ಷಿಣ ಕೊರಿಯಾಕ್ಕೆ ನೆರವಾಗುವ ನಿರ್ಣಯ ಪಾಸಾಯಿತು. ವಿಶ್ವಸಂಸ್ಥೆಯ ಬಾವುಟದ ಕೆಳಗೆ ಅಮೆರಿಕದ ಸೇನೆ ಯುದ್ಧಕ್ಕಿಳಿಯಿತು, ವರ್ಷದ ಕೊನೆಗೆ ಚೀನಾವೂ ಇಳಿಯಿತು, 1953ರವರೆಗೆ ಹೆಣ ಬಿದ್ದವು. ಬಲಾಢ್ಯರು ಒಬ್ಬರ ಮೇಲೊಬ್ಬರು ವಿಶ್ವಸಂಸ್ಥೆಯ ಹೆಸರಿನಲ್ಲಿ ಯುದ್ಧ ಹೂಡಬಾರದೆಂದೇ ವಿಟೋ ಇರುವುದು. ಹಿಂದಿನ ರಾಷ್ಟ್ರಸಂಘಕ್ಕೆ ಅಮೆರಿಕ ಸೇರಲೇ ಇಲ್ಲ. ಜಪಾನ್, ಜರ್ಮನಿ 1933ರಲ್ಲಿ ಎದ್ದು ನಡೆದವು. ಇಂದು ಐವರೂ ಬೈದಾಡಿಕೊಂಡಾದರೂ ಒಂದೇ ಮೇಜಿನ ಸುತ್ತ ಕೂತಿದ್ದಾರೆ.

ನನ್ನ ಸಿಟ್ಟು ನಮ್ಮವರ ಮೇಲೆಯೇ. 2005ರಲ್ಲಿ ಭಾರತ, ಜಪಾನ್, ಜರ್ಮನಿ, ಬ್ರೆಜಿಲ್ ಕೂಡಿ ಮಂಡಳಿಯ ವಿಸ್ತರಣೆಗೆಂದು ತಂದ ಕರಡಿನಲ್ಲಿ, ಹೊಸ ಕಾಯಂ ಸದಸ್ಯರು 15 ವರ್ಷದ ನಂತರ ಪುನರ್ವಿಮರ್ಶೆ ಆಗುವವರೆಗೆ ವಿಟೋ ಬಳಸುವುದಿಲ್ಲ ಎಂದು ನಾವಾಗಿಯೇ ಬರೆದುಕೊಟ್ಟೆವು. ಚೌಕಾಸಿ ಶುರುವಾಗುವ ಮೊದಲೇ ಬೆಲೆ ಇಳಿಸಿದರೆ ಎದುರಿಗಿರುವವನು ಇನ್ನಷ್ಟು ಇಳಿಸು ಎನ್ನುತ್ತಾನೆ. ಅಷ್ಟು ಬಗ್ಗಿದರೂ ಆ ಕರಡು ಮತಕ್ಕೇ ಬರಲಿಲ್ಲ. ಮುಂದಿನ ಸಲವಾದರೂ ವಿಟೋ ಸಮೇತ ಕೇಳಲಿ.