ವೈಫೈ ಡಬ್ಬಿ ಬದಲಾಯಿಸುವ ಮುಂಚೆ ಕೆಟ್ಟಿದ್ದು ಎಲ್ಲಿ ಅಂತ ಕೇಳಿ

ಮೂಡಿಗೆರೆ, ಆಲ್ದೂರು, ಕಳಸದ ಕಡೆ ಟವರ್ ಸಿಗದ ತಗ್ಗಿನಲ್ಲಿರುವ ತೋಟದ ಮನೆಗಳಿಗೆ ಫೈಬರ್ ಇಂಟರ್ನೆಟ್ ಬಂದ ಮೇಲೆ ಜೀವ ಬಂದ ಹಾಗಾಗಿದೆ. ಎಷ್ಟೋ ಮನೆಗಳಲ್ಲಿ ಫೋನ್ ಬರುವುದೂ ಹೋಗುವುದೂ ವೈಫೈ ಕಾಲಿಂಗ್‌ನಲ್ಲೇ. ಅಂಥ ಮನೆಯಲ್ಲಿ ವೈಫೈ ನಿಂತರೆ ರಾತ್ರಿ ಹೊತ್ತು ಡಾಕ್ಟರಿಗೆ ಫೋನ್ ಮಾಡುವ ದಾರಿಯೂ ನಿಲ್ಲುತ್ತದೆ. ಅದಕ್ಕೇ ಈ ವಿಷಯ ನನಗೆ ಸಣ್ಣದು ಅನ್ನಿಸುವುದಿಲ್ಲ, ಸ್ವಲ್ಪ ಉದ್ದ ಬರೀತಿದ್ದೀನಿ.

ವೈಫೈ ಕೈಕೊಟ್ಟಾಗ ನಮ್ಮ ಕಡೆ ಸಿಗುವ ಉತ್ತರ ಎರಡೇ. ಒಂದು, "ಡಬ್ಬಿ ಹೋಗಿದೆ, ಹೊಸದು ಹಾಕ್ಬೇಕು." ಇನ್ನೊಂದು, "ದೊಡ್ಡ ಪ್ಲಾನ್ ತಗೊಳ್ಳಿ, ಸರಿ ಹೋಗುತ್ತೆ." ಎರಡಕ್ಕೂ ನಾವು ತಲೆಯಾಡಿಸಿ ದುಡ್ಡು ಕೊಡ್ತೀವಿ. ತೋಟದ ಪಂಪ್‌ಸೆಟ್ ನಿಂತರೆ ಯಾರಾದರೂ ಹೀಗೆ ಮಾಡ್ತಾರಾ? ಫ್ಯೂಸ್ ನೋಡ್ತೀವಿ, ಸ್ಟಾರ್ಟರ್ ನೋಡ್ತೀವಿ, ಫುಟ್‌ವಾಲ್ವ್ ನೋಡ್ತೀವಿ, ಮೋಟರ್ ಬಿಚ್ಚಿಸುವುದು ಕೊನೆಗೆ. ವೈಫೈ ಡಬ್ಬಿಗೂ ಅಷ್ಟೇ ಮರ್ಯಾದೆ ಸಲ್ಲಬೇಕು. ಎಲ್ಲಿ ಕೆಟ್ಟಿದೆ ಅಂತ ತೋರಿಸದೆ ಹೊಸದು ಹಾಕಿ ಅನ್ನುವುದಕ್ಕೆ ನಾವು ಒಪ್ಪಲೇಬಾರದು.

ಬಣಕಲ್ ಹತ್ತಿರದ ನಮ್ಮ ದೊಡ್ಡಮ್ಮನ ಮನೆಯದ್ದನ್ನೇ ಹೇಳ್ತೀನಿ. ಮುಂದೆ ಹಳೇ ಹಂಚಿನ ಮನೆ, ದಪ್ಪ ಮಣ್ಣಿನ ಗೋಡೆ. ಹಿಂದೆ ಆಮೇಲೆ ಕಟ್ಟಿದ ಆರ್‌ಸಿಸಿ ಕಟ್ಟಡ. ಫೈಬರ್ ಬಂದು ಮೋಡೆಮ್ ಕೂತಿರುವುದು ಮುಂದಿನ ಕೋಣೆಯಲ್ಲಿ. ಅಲ್ಲಿಂದ ಸೂರಿನಡಿಯಲ್ಲಿ ಒಂದು ಲ್ಯಾನ್ ವೈರ್ ಎಳೆದು ಹಿಂದಿನ ಮಹಡಿಯಲ್ಲಿ ಒಂದು ಆಕ್ಸೆಸ್ ಪಾಯಿಂಟ್, ಅಂದರೆ ವೈರಿನಲ್ಲಿ ಬಂದ ನೆಟ್ಟನ್ನು ಅಲ್ಲಿ ವೈಫೈ ಆಗಿ ಹರಡುವ ಡಬ್ಬಿ, ಹಾಕಿದ್ದಾರೆ. ಬೆಂಗಳೂರಿನ ಕೆಲಸವನ್ನು ಊರಿಂದಲೇ ಮಾಡುವ ಮಗ ಕೂರುವುದು ಆ ಮಹಡಿಯಲ್ಲಿ. ಬೆಳಗ್ಗೆಯೆಲ್ಲ ಸರಿ ಇರುವುದು ಸಂಜೆಯಾದರೆ ಹಾಳು. "ಸಿಗ್ನಲ್ ಪೂರ್ತಿ ತೋರಿಸುತ್ತೆ ಕಣಪ್ಪ, ಸ್ವಲ್ಪ ಹೊತ್ತಿಗೆ ವೈಫೈ ಹೆಸರೇ ಮಾಯ, ಆಮೇಲೆ ತಾನೇ ಬರುತ್ತೆ" ಅಂದರು ದೊಡ್ಡಮ್ಮ. ಬಂದು ನೋಡಿದವರು ಹೊಸ ಆಕ್ಸೆಸ್ ಪಾಯಿಂಟ್ ಜೊತೆಗೆ ದುಪ್ಪಟ್ಟು ವೇಗದ ಪ್ಲಾನಿಗೂ ಲೆಕ್ಕ ಬರೆದು ಕೊಟ್ಟಿದ್ದರು.

ಇಂಥ ಕಡೆ ನಾನು ಮೊದಲು ಹೋಗುವುದು ಮೋಡೆಮ್ ಹತ್ತಿರ. ಎಲ್‌ಒಎಸ್ ಅಂತ ಬರೆದಿರುವ ದೀಪ ಕೆಂಪಗಿದ್ದರೆ ಫೈಬರಿನಲ್ಲಿ ಬೆಳಕು ಬರುತ್ತಿಲ್ಲ ಅಂತ ಅರ್ಥ. ಆಗ ಮನೆಯೊಳಗೆ ಏನು ಮಾಡಿದರೂ ಪ್ರಯೋಜನವಿಲ್ಲ, ಲೈನಿನವರೇ ಬರಬೇಕು. ಇಲ್ಲಿ ಕೆಂಪು ಇರಲಿಲ್ಲ. ಲ್ಯಾಪ್‌ಟಾಪಿಗೆ ನೇರ ವೈರ್ ಸಿಕ್ಕಿಸಿ ನೋಡಿದೆವು. ಸಂಜೆ ಹೊತ್ತಿನಲ್ಲೂ ಪ್ಲಾನಿನ ಪೂರ್ತಿ ವೇಗ ಬಂತು. ಅಲ್ಲಿಗೆ ದೊಡ್ಡ ಪ್ಲಾನಿನ ಮಾತು ಮುಗಿಯಿತು. ಹಿಂದಿನ ಮಹಡಿಯಲ್ಲಿ ತುಂಡಾಗುವ ವೈಫೈ, ಮುಂದೆ ಎಷ್ಟು ವೇಗ ಬಂದರೂ ತುಂಡಾಗುತ್ತಲೇ ಇರುತ್ತದೆ.

ಆಮೇಲೆ ಮಹಡಿಗೆ ಹೋಗಿ, ಬ್ರೌಸರಿನಲ್ಲಿ ಆಕ್ಸೆಸ್ ಪಾಯಿಂಟಿನ ವಿಳಾಸ ಹಾಕಿ ಅದರ ಸ್ಟೇಟಸ್ ಪುಟ ತೆರೆದೆವು. ಅಲ್ಲಿ ಅಪ್‌ಟೈಮ್ ಅಂತ ಒಂದು ಸಾಲು ಇರುತ್ತದೆ, ಡಬ್ಬಿ ಆನ್ ಆಗಿ ಎಷ್ಟು ಹೊತ್ತಾಯಿತು ಅನ್ನುವ ಲೆಕ್ಕ. ನನ್ನ ಪ್ರಕಾರ ಇಡೀ ಪುಟದಲ್ಲಿ ಇದಕ್ಕಿಂತ ಮುಖ್ಯವಾದ ಸಾಲಿಲ್ಲ. ಮೋಡೆಮ್ಮಿನ ಪುಟದಲ್ಲಿ ಅದು ದಿನಗಟ್ಟಲೆ ತೋರಿಸುತ್ತಿತ್ತು. ಆಕ್ಸೆಸ್ ಪಾಯಿಂಟಿನಲ್ಲಿ ಅರ್ಧ ಗಂಟೆಯೂ ಆಗಿರಲಿಲ್ಲ! ಯಾರೂ ಸ್ವಿಚ್ ಮುಟ್ಟಿಲ್ಲ, ಕರೆಂಟೂ ಹೋಗಿಲ್ಲ. ಅಂದರೆ ಡಬ್ಬಿ ತಾನಾಗಿಯೇ ಆಫ್ ಆಗಿ ಆನ್ ಆಗುತ್ತಿದೆ.

ಹಾಗೆ ಆಗುವ ಡಬ್ಬಿಯಲ್ಲಿ ಮೊದಲು ಅನುಮಾನ ಪಡಬೇಕಾದ್ದು ಅಡಾಪ್ಟರ್ ಮೇಲೆ. ಕೈಯಿಟ್ಟರೆ ಸುಡುವಷ್ಟು ಬಿಸಿ ಇತ್ತು. ಕಿವಿ ಹತ್ತಿರ ತಂದರೆ ಸೊಳ್ಳೆ ಗುಂಯ್‌ಗುಟ್ಟುವಂಥ ಸಣ್ಣ ಸದ್ದು. ಮಲ್ಟಿಮೀಟರ್ ಇಟ್ಟರೆ ಸರಿಯಾಗಿ 12 ವೋಲ್ಟ್ ತೋರಿಸುತ್ತಿತ್ತು. ಎಲ್ಲರೂ ಮೋಸ ಹೋಗುವುದು ಇಲ್ಲೇ. ಲೋಡ್ ಇಲ್ಲದಾಗ, ಅಂದರೆ ಡಬ್ಬಿಗೆ ಸಿಕ್ಕಿಸದೆ ಇದ್ದಾಗ, ಸೋತ ಅಡಾಪ್ಟರೂ 12 ತೋರಿಸುತ್ತದೆ. ಒಳಗೆ ವೋಲ್ಟೇಜನ್ನು ಒಂದೇ ಸಮ ಇಡುವ ಕೆಪ್ಯಾಸಿಟರ್‌ಗಳು ವರ್ಷಗಟ್ಟಲೆ ಬಿಸಿಯಲ್ಲಿ ಬೆಂದು ಒಣಗಿರುತ್ತವೆ. ಒಂದೆರಡು ಫೋನ್ ಇರುವವರೆಗೆ ಹೇಗೋ ತಡೆದುಕೊಳ್ಳುತ್ತದೆ. ಸಂಜೆ ಮನೆಮಂದಿಯೆಲ್ಲ ಬಂದು ಟೀವಿ, ಫೋನ್, ಲ್ಯಾಪ್‌ಟಾಪ್ ಒಟ್ಟಿಗೆ ಕೂತಾಗ ಡಬ್ಬಿ ಹೆಚ್ಚು ಕರೆಂಟ್ ಎಳೆಯುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಡಬ್ಬಿ ರೀಸ್ಟಾರ್ಟ್ ಆಗುತ್ತದೆ. ಮೋಡೆಮ್ಮಿನ ಅಡಾಪ್ಟರೂ 12 ವೋಲ್ಟ್, 1 ಆಂಪಿಯರ್, ಪಿನ್ ಕೂಡ ಅದೇ. ಅದನ್ನು ತಂದು ಇದಕ್ಕೆ ಹಾಕಿದೆವು, ಮುಂದಿನ ಮೋಡೆಮ್ ಅಷ್ಟು ಹೊತ್ತು ದೊಡ್ಡಮ್ಮನ ಟೀವಿ ಬಾಕ್ಸಿನ ಅಡಾಪ್ಟರಿನಲ್ಲಿ ಓಡಿತು. ಆ ಸಂಜೆ ಒಮ್ಮೆಯೂ ವೈಫೈ ಹೋಗಲಿಲ್ಲ. ಮೂಡಿಗೆರೆಯಲ್ಲಿ ಹೊಸ ಅಡಾಪ್ಟರಿಗೆ ಕೊಟ್ಟಿದ್ದು ಕೆಲವೇ ನೂರು ರೂಪಾಯಿ.

ಹೀಗೆ ಅದಲು ಬದಲು ಮಾಡುವಾಗ ವೋಲ್ಟೇಜ್ ಒಂದೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬೇಕು, ಪಿನ್ನಿನ ಪ್ಲಸ್ ಮೈನಸ್ ಗುರುತು ಒಂದೇ ಥರ ಇರಬೇಕು. 9 ವೋಲ್ಟಿನ ಡಬ್ಬಿಗೆ 12 ವೋಲ್ಟ್ ಹಾಕಿ ಪ್ರಯೋಗ ಮಾಡಬೇಡಿ.

ವೈರಿನಲ್ಲೂ ಒಂದು ಕಾಯಿಲೆ ಇತ್ತು. ಮಹಡಿಯಲ್ಲಿ ಅದೇ ವೈರನ್ನು ಲ್ಯಾಪ್‌ಟಾಪಿಗೆ ಹಾಕಿದರೆ ಲಿಂಕಿನ ವೇಗ 1000 ಎಂಬಿಪಿಎಸ್ ಬರುವ ಬದಲು 100 ಅಂತ ಬರುತ್ತಿತ್ತು. ಲ್ಯಾನ್ ವೈರಿನೊಳಗೆ ಎಂಟು ಎಳೆ. 100 ಎಂಬಿಪಿಎಸ್‌ಗೆ ನಾಲ್ಕು ಸಾಕು, 1000ಕ್ಕೆ ಎಂಟೂ ಬೇಕು. ಉಳಿದ ನಾಲ್ಕರಲ್ಲಿ ಒಂದು ಎಳೆ ಕೈಕೊಟ್ಟರೂ ಡಬ್ಬಿ ಗಲಾಟೆ ಮಾಡದೆ 100ಕ್ಕೆ ಇಳಿದುಬಿಡುತ್ತದೆ, ಮನೆಯವರಿಗೆ ಬರೀ "ಸ್ಲೋ" ಅನ್ನಿಸುತ್ತದೆ. ಸೂರಿನ ಕಡೆಯ ಪ್ಲಗ್ ತೆಗೆದು ಬಿಸಿಲಿಗೆ ಹಿಡಿದರೆ ಚಿನ್ನದ ಬಣ್ಣದ ಪಿನ್‌ಗಳಲ್ಲಿ ಎರಡು ಹಸಿರಾಗಿದ್ದವು. ನಮ್ಮ ಮಳೆಗಾಲದ ಥಂಡಿ ಹೊಕ್ಕಿತ್ತು. ಆ ತುದಿ ಕತ್ತರಿಸಿ ಹೊಸ ಪ್ಲಗ್ ಒತ್ತಿ ಕೂರಿಸಿದ (ಕ್ರಿಂಪ್ ಮಾಡಿದ) ಮೇಲೆ 1000 ಬಂತು.

ಸಿಗ್ನಲ್ ಕಡ್ಡಿಗಳ ಬಗ್ಗೆಯೂ ಒಂದು ಮಾತು. ಅವು ಹೇಳುವುದು ಫೋನಿಗೂ ಹತ್ತಿರದ ಡಬ್ಬಿಗೂ ನಡುವಿನ ಸಮಾಚಾರ ಮಾತ್ರ. ಆಚೆ ಇಂಟರ್ನೆಟ್ ಇದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಇನ್ನು ಪಕ್ಕದ ಮನೆಯ ವೈಫೈ ಅಡ್ಡ ಬರದ ಹಾಗೆ ಚಾನೆಲ್ (ವೈಫೈ ಅಲೆಯ ದಾರಿ) ಬದಲಾಯಿಸಿ ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಚಿಕ್ಕಮಗಳೂರಿನ ಬಸವನಹಳ್ಳಿಯಂಥ ಕಡೆ, ಗೋಡೆಗೆ ಗೋಡೆ ತಾಗಿರುವ ಮನೆಗಳಿಗೆ ಅದು ಸರಿಯೇ. ವೈಫೈ ಓಡುವುದು ಸಾಮಾನ್ಯವಾಗಿ 2.4, 5 ಗಿಗಾಹರ್ಟ್ಸ್ ಅನ್ನುವ ಎರಡು ಬ್ಯಾಂಡಿನಲ್ಲಿ, ಅದರಲ್ಲಿ 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ 1, 6, 11 ಮೂರೇ. ಪಕ್ಕದ ಮನೆ ಕಣ್ಣಿಗೇ ಕಾಣದ ತೋಟದಲ್ಲಿ ಅದರಿಂದ ಹೆಚ್ಚೇನೂ ಆಗದು. ಅಲ್ಲಿ ಅಡ್ಡ ಬರುವುದು ದಪ್ಪ ಗೋಡೆ, ಅದರಲ್ಲೂ ತೇವ ಹೀರಿದ ಗೋಡೆ. ನೀರು ರೇಡಿಯೋ ಅಲೆಯನ್ನು ಹೀರಿಕೊಳ್ಳುತ್ತದೆ, 5 ಗಿಗಾಹರ್ಟ್ಸ್‌ಗಂತೂ ಗೋಡೆ ದಾಟುವುದು ಇನ್ನೂ ಕಷ್ಟ. ಅಂಥ ಮನೆಗೆ ವೈರ್ ಎಳೆದು ಎರಡನೇ ಡಬ್ಬಿ ಹಾಕುವುದೇ ಸರಿ.

ಹಳೇ ರೂಟರನ್ನೇ ಎರಡನೇ ಡಬ್ಬಿ ಮಾಡಿಕೊಂಡವರು ಅದನ್ನು ಆಕ್ಸೆಸ್ ಪಾಯಿಂಟ್ ಮೋಡಿಗೆ ಹಾಕಿ, ಇಲ್ಲವೇ ಅದರ ಡಿಎಚ್‌ಸಿಪಿ (ಪ್ರತಿ ಫೋನಿಗೂ ನೆಟ್‌ವರ್ಕ್ ವಿಳಾಸ ಹಂಚುವ ಕೆಲಸ) ಆಫ್ ಮಾಡಿ. ಒಂದೇ ಮನೆಯಲ್ಲಿ ಇಬ್ಬರು ವಿಳಾಸ ಹಂಚಲು ಕೂತರೆ ಒಂದು ಫೋನಿಗೆ ನೆಟ್ ಬರುತ್ತದೆ, ಪಕ್ಕದ ಫೋನಿಗೆ ಬರುವುದಿಲ್ಲ. ಲ್ಯಾಪ್‌ಟಾಪಿನಲ್ಲಿ 169.254 ಅಂತ ಶುರುವಾಗುವ ವಿಳಾಸ ಕಂಡರೆ ಅದಕ್ಕೆ ಯಾರೂ ವಿಳಾಸವನ್ನೇ ಕೊಟ್ಟಿಲ್ಲ ಅಂತ ತಿಳಿಯಿರಿ. ಹಿಂದಿರುವ ಸಣ್ಣ ತೂತಿಗೆ ಪಿನ್ ಚುಚ್ಚಿ ರೀಸೆಟ್ ಮಾಡುವ ಅಭ್ಯಾಸ ಬಿಡಿ. ಮೋಡೆಮ್ಮಿನಲ್ಲಿ ಹಾಗೆ ಮಾಡಿದರೆ ಲೈನಿನವರು ತುಂಬಿಸಿಟ್ಟ ಯೂಸರ್ ನೇಮ್, ಪಾಸ್‌ವರ್ಡ್ ಅಳಿಸಿ, ಇದ್ದ ನೆಟ್ಟೂ ಹೋಗಬಹುದು.

ಏಪ್ರಿಲ್-ಮೇ ಗುಡುಗಿನ ವಿಷಯ ನಮ್ಮವರಿಗೆ ಹೇಳಿಕೊಡಬೇಕಿಲ್ಲ, ಟೀವಿಯ ಪ್ಲಗ್ ಎಲ್ಲರೂ ಕೀಳ್ತಾರೆ. ಫೈಬರಿನ ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ ಅನ್ನುವ ಧೈರ್ಯಕ್ಕೆ ವೈಫೈ ಹಾಗೇ ಬಿಡ್ತಾರೆ. ಆದರೆ ಕಟ್ಟಡದಿಂದ ಕಟ್ಟಡಕ್ಕೆ ಹೊರಗೆ ಎಳೆದ ಲ್ಯಾನ್ ವೈರ್ ತಾಮ್ರದ್ದು. ಹತ್ತಿರದಲ್ಲಿ ಸಿಡಿಲು ಬಿದ್ದರೆ ಆ ವೈರಿನಲ್ಲಿ ವೋಲ್ಟೇಜ್ ಏರಿ ಎರಡೂ ತುದಿಯ ಪೋರ್ಟ್ ಸುಡಬಹುದು. ಗುಡುಗು ಶುರುವಾಗುವ ಮೊದಲೇ ಕರೆಂಟ್ ಪ್ಲಗ್ ಜೊತೆಗೆ ಆ ವೈರನ್ನೂ ಎರಡೂ ಕಡೆ ಕೀಳಿ.

ಮಳೆಯಲ್ಲಿ ಬೈಕಿನಲ್ಲಿ ಘಾಟಿ ಹತ್ತಿ ಬರುವ ಹುಡುಗರ ಮೇಲೆ ನನಗೆ ಕೋಪವಿಲ್ಲ. ದಿನಕ್ಕೆ ಇಷ್ಟು ಮನೆ ಮುಗಿಸಬೇಕು ಅಂತ ಮೇಲಿನಿಂದ ಒತ್ತಡ ಇದ್ದಾಗ ಅವರಾದರೂ ಎಷ್ಟು ಹುಡುಕುತ್ತಾರೆ? ಕೇಳಬೇಕಾದ್ದು ಅವರನ್ನು ಕಳಿಸುವವರನ್ನು. ಪ್ರತಿ ಬ್ಯಾಗಿನಲ್ಲೂ ಒಂದು ಒಳ್ಳೇ 12 ವೋಲ್ಟ್ ಅಡಾಪ್ಟರ್, ಒಂದು ಕೇಬಲ್ ಟೆಸ್ಟರ್ ಇಟ್ಟರೆ ಅರ್ಧ ದೂರುಗಳು ಅಲ್ಲೇ ಬಗೆಹರಿಯುತ್ತವೆ. ನಾವೂ ಫೋನ್ ಮಾಡುವಾಗ "ನೆಟ್ ಇಲ್ಲ" ಅಂದು ಸುಮ್ಮನಾಗದೆ ಮೂರು ವಿಷಯ ಹೇಳೋಣ: ಎಲ್‌ಒಎಸ್ ದೀಪ ಕೆಂಪಗಿದೆಯೋ ಇಲ್ಲವೋ, ಮೋಡೆಮ್ಮಿಗೆ ವೈರ್ ಹಾಕಿದ ಲ್ಯಾಪ್‌ಟಾಪಿನಲ್ಲಿ ನೆಟ್ ಬರುತ್ತೋ ಇಲ್ಲವೋ, ಆಕ್ಸೆಸ್ ಪಾಯಿಂಟಿನ ಅಪ್‌ಟೈಮ್ ಎಷ್ಟು ತೋರಿಸುತ್ತಿದೆ.