ಮೈಸೂರಲ್ಲಿ ನೀರು 97ಕ್ಕೇ ಕುದಿಯುತ್ತೆ, ಮಗು ಹಾಗೇ ಬರೆಯಲಿ

'ನೀರು 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ' ಅಂತ ನಾಲ್ಕನೇ, ಐದನೇ ಕ್ಲಾಸಿನ ಮಕ್ಕಳಿಗೆ ಬಾಯಿಪಾಠ ಮಾಡಿಸ್ತೀವಿ. ಥರ್ಮಾಮೀಟರು 97.5 ತೋರಿಸಿದರೆ 'ಅದು ಕೆಟ್ಟಿದೆ, 100 ಅಂತ ಬರ್ಕೊ' ಅಂತೀವಿ. ದಯವಿಟ್ಟು ಹಾಗೆ ಹೇಳಬೇಡಿ. ಕಣ್ಣಾರೆ ಕಂಡದ್ದನ್ನು ಅಳಿಸಿ ಪುಸ್ತಕದ್ದನ್ನು ಬರೆಯೋದು ವಿಜ್ಞಾನ ಅಂತ ಆ ಮಗು ತಿಳ್ಕೊಂಡುಬಿಡುತ್ತೆ.

ಆ 100 ಸಮುದ್ರಮಟ್ಟದ ಲೆಕ್ಕ. ಮೈಸೂರು ಅಲ್ಲಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಎತ್ತರ ಏರಿದಂತೆ ನೀರಿನ ಮೇಲೆ ಗಾಳಿಯ ಒತ್ತಡ ಕಮ್ಮಿಯಾಗುತ್ತೆ, ಕುದಿಯೋಕೆ ಅಷ್ಟು ಕಾವು ಬೇಕಾಗಲ್ಲ. ಹೆಚ್ಚುಕಮ್ಮಿ 300 ಮೀಟರಿಗೆ 1 ಡಿಗ್ರಿ ಇಳಿಯುತ್ತೆ. ಚಾಮುಂಡಿ ಬೆಟ್ಟದ ಮೇಲೆ ಕುದಿಸಿದರೆ ಇನ್ನೊಂದು ಡಿಗ್ರಿ ಕಮ್ಮಿ.

ಥರ್ಮಾಮೀಟರ್ ಮೇಲೆ ಅನುಮಾನ ಇದ್ದರೆ ಮೊದಲು ಐಸ್ ಪರೀಕ್ಷೆ ಮಾಡಿ. ಪುಡಿ ಮಾಡಿದ ಐಸಿಗೆ ಸ್ವಲ್ಪ ನೀರು ಹಾಕಿ, ಮೂರು ನಿಮಿಷ ಕಲಕಿ ನೋಡಿದರೆ 0 ತೋರಿಸಬೇಕು. 1 ತೋರಿಸಿದರೆ ಮುಂದಿನ ಅಳತೆಯಲ್ಲೂ 1 ಕಳೀರಿ. ಜ್ವರದ ಥರ್ಮಾಮೀಟರ್ ಬೇಡವೇ ಬೇಡ, ಅದು 42ಕ್ಕೇ ಮುಗಿಯುತ್ತೆ. ಲ್ಯಾಬಿನದು, 110ರವರೆಗಿನದು, ಪಾದರಸ ಇಲ್ಲದ್ದು ತನ್ನಿ.

250 ಮಿಲಿ ಬೀಕರಿನಲ್ಲಿ 150 ಮಿಲಿ ನೀರು ಸಾಕು. ಥರ್ಮಾಮೀಟರಿನ ಬುರುಡೆ ನೀರಿನ ನಡುವೆ ಇರಲಿ. ತಳಕ್ಕೆ ತಾಗಿದರೆ ಪಾತ್ರೆಯ ಕಾವು ಸೇರಿ ಜಾಸ್ತಿ ತೋರಿಸುತ್ತೆ. ನಿಮಿಷಕ್ಕೊಂದು ಸಲ, ಕಣ್ಣು ದ್ರವದ ಮಟ್ಟಕ್ಕೇ ಇಟ್ಟು ಓದಿಸಿ. ಎಡವೋದು ಇಲ್ಲೇ: ಕುದಿಯೋಕೆ ಎಷ್ಟೋ ಮುಂಚೆಯೇ ಗೋಡೆಗೆ ಸಣ್ಣ ಗುಳ್ಳೆ ಅಂಟ್ಕೊಳ್ಳುತ್ತೆ, ಮಕ್ಕಳು 'ಕುದೀತು' ಅಂತಾರೆ. ಅದು ನೀರಲ್ಲಿ ಕರಗಿದ್ದ ಗಾಳಿ. ನಿಜವಾದ ಕುದಿತದಲ್ಲಿ ದಪ್ಪ ಗುಳ್ಳೆ ತಳದಿಂದೆದ್ದು ಮೇಲೆ ಬಂದು ಒಡೆಯುತ್ತೆ. ಆಮೇಲೆ ಉರಿ ಎಷ್ಟೇ ಹೆಚ್ಚಿಸಿ, ಅಂಕಿ ಮೇಲೇರಲ್ಲ. ಆ ನಿಂತ ಅಂಕಿಯನ್ನೇ ಐದು ನಿಮಿಷ ಬರೆಸಿ, ಪಾಠದ ಜೀವ ಇರೋದು ಅದರಲ್ಲೇ.

ಇನ್ನು ನಮ್ಮ ಮಂಡ್ಯದ ಆಲೆಮನೆಗಿಂತ ದೊಡ್ಡ ಪ್ರಯೋಗಶಾಲೆ ಎಲ್ಲಿದೆ? ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲಿನ ನೀರು ಆವಿಯಾಗಿ ಸಕ್ಕರೆ ಅಂಶ ಗಟ್ಟಿಯಾದಷ್ಟೂ ಕುದಿಯೋ ಕಾವು ಏರುತ್ತೆ. ಅಚ್ಚಿಗೆ ಹೊಯ್ಯೋ ಹದಕ್ಕೆ ಬಂದಾಗ ಪಾಕ ಸುಮಾರು 118 ಡಿಗ್ರಿ! ಮೇಲೇಳೋ ಬಿಳೀ ಹೊಗೆ ಆವಿಯಲ್ಲ, ಆವಿ ತಣ್ಣಗಾಗಿ ಆದ ಸಣ್ಣ ಹನಿಗಳು. ಆವಿ ಕಣ್ಣಿಗೆ ಕಾಣಲ್ಲ. ಇದನ್ನೂ ಅಲ್ಲೇ ತೋರಿಸಿ. ಶಾಲೆಯ 110ರ ಥರ್ಮಾಮೀಟರನ್ನು ಮಾತ್ರ ಪಾಕಕ್ಕೆ ಅದ್ದಬೇಡಿ, ಒಡೆಯುತ್ತೆ. ಪಾಕ ಮೈಗೆ ಸಿಡಿದರೆ ಅಂಟ್ಕೊಂಡು ಸುಡುತ್ತೆ, ಹಾಗಾಗಿ ಮಕ್ಕಳನ್ನು ಕೊಪ್ಪರಿಗೆಯಿಂದ ದೂರವೇ ನಿಲ್ಲಿಸಿ.