ಅಧಿವೇಶನ ಬರಖಾಸ್ತು, ಕಡತ ಅಟ್ಟದ ಮೇಲೆ

ಬೆಳಗಾವಿಯ ಚಳಿಗಾಲದ ಅಧಿವೇಶನವೂ ಸೆಷನ್ನೇ, ಬ್ರೌಸರಿನಲ್ಲಿ ತೆರೆದಿಟ್ಟ ಅರವತ್ತಮೂರು ಟ್ಯಾಬುಗಳೂ ಸೆಷನ್ನೇ. ಎತ್ತಿಕೊಂಡ ವಿಷಯ ಎರಡರಲ್ಲೂ ಮುಗಿಯುವುದಿಲ್ಲ. ಅಲ್ಲಿ ನಡಾವಳಿ ಬರೆದುಕೊಳ್ಳುವವರು ಕಣ್ಣೆದುರೇ ಕೂತಿರುತ್ತಾರೆ. ಇಲ್ಲಿಯೂ ಬರೆದುಕೊಳ್ಳುತ್ತಿರುತ್ತಾರೆ, ಆದರೆ ಟ್ಯಾಬಿನ ಯಜಮಾನರಿಗೇ ಅದು ತಿಳಿಯದು. ಫೈರ್‌ಫಾಕ್ಸ್ ಸುಮಾರು 15 ಸೆಕೆಂಡಿಗೊಮ್ಮೆ ಯಾವ ಟ್ಯಾಬ್ ತೆರೆದಿದೆ, ಎಲ್ಲಿಯವರೆಗೆ ಸ್ಕ್ರೋಲ್ ಮಾಡಿದ್ದೀರಿ ಎಂಬುದನ್ನೆಲ್ಲ ಡಿಸ್ಕಿಗೆ ಬರೆದಿಡುತ್ತದೆ. ಇಷ್ಟು ಶ್ರದ್ಧೆಯ ಗುಮಾಸ್ತ, ಮರುದಿನ ಬೆಳಿಗ್ಗೆ ಮಾತ್ರ ಖಾಲಿ ಪುಟ ತೋರಿಸಿ ಸುಮ್ಮನಿರುತ್ತಾನೆ. ಕಡತ ಬೀರುವಿನಲ್ಲೇ ಇದೆ, ಕೇಳಿದವರಿಗೆ ಮಾತ್ರ ಕೊಡುತ್ತಾನೆ. ಕೇಳುವ ಕಿಟಕಿ ಯಾವುದು ಎಂದು ಹೇಳುವುದು ಅವನ ಕೆಲಸವಲ್ಲ.

ರಾತ್ರಿ ವಿಂಡೋಸ್ ತನ್ನಷ್ಟಕ್ಕೆ ಅಪ್‌ಡೇಟ್ ಮಾಡಿಕೊಂಡು ರೀಸ್ಟಾರ್ಟ್ ಆದರೆ ಬೆಳಿಗ್ಗೆ ಆಫೀಸಿನಲ್ಲಿ ಸೂತಕ. ಸರಿಯಾಗಿ ಮುಚ್ಚದೆ ಹೋದದ್ದು ಕ್ರೋಮಿಗೆ ಗೊತ್ತಾದರೆ ಬಲಗಡೆ ಮೇಲ್ತುದಿಯಲ್ಲಿ ಪುಟ್ಟ ಚೀಟಿ ಹಿಡಿಯುತ್ತದೆ: 'ರಿಸ್ಟೋರ್ ಪೇಜಸ್?' ಕುಕೀಸ್ ಒಪ್ಪಿಗೆಯೇ, ನೋಟಿಫಿಕೇಶನ್ ಕಳಿಸಲೇ, ಆ್ಯಪ್ ಇಳಿಸಿಕೊಳ್ಳುತ್ತೀರಾ ಎಂದು ದಿನವಿಡೀ ಎಗರುವ ಚೀಟಿಗಳನ್ನು ಓದದೆ ಇಂಟು ಗುರುತು ಒತ್ತಿ ಪಳಗಿದ ಬೆರಳು ಇದನ್ನೂ ಒತ್ತುತ್ತದೆ. ವರ್ಷಕ್ಕೊಂದು ಬಾರಿ ಬರುವ ಉಪಕಾರದ ಚೀಟಿ ಅದೊಂದೇ.

ಒತ್ತಿಬಿಟ್ಟರೂ ಪ್ರಾಣ ಹೋಗಿಲ್ಲ. ಕಂಟ್ರೋಲ್, ಶಿಫ್ಟ್, ಟಿ ಮೂರನ್ನೂ ಒಟ್ಟಿಗೆ ಒತ್ತಿದರೆ ಕೊನೆಗೆ ಮುಚ್ಚಿದ್ದು ಎದ್ದು ಬರುತ್ತದೆ, ಟ್ಯಾಬಾದರೆ ಟ್ಯಾಬು, ಇಡೀ ವಿಂಡೋ ಆದರೆ ಇಡೀ ವಿಂಡೋ. ಮೂರು ಚುಕ್ಕಿಯ ಮೆನುವಿನ ಹಿಸ್ಟರಿಯಲ್ಲಿ '63 ಟ್ಯಾಬ್ಸ್' ಎಂದು ಒಂದೇ ಸಾಲಿನಲ್ಲಿ ಮುದುಡಿ ಕೂತಿರುತ್ತದೆ. ಅದರ ಮೇಲೆ ಒಂದು ಕ್ಲಿಕ್. ಫೈರ್‌ಫಾಕ್ಸಿನಲ್ಲಾದರೆ ಹಿಸ್ಟರಿಯೊಳಗೆ 'ರಿಸ್ಟೋರ್ ಪ್ರೀವಿಯಸ್ ಸೆಷನ್'.

ಆದರೆ ನಮ್ಮವರಲ್ಲಿ ಯಾವ ಯಂತ್ರ ಕೆಟ್ಟರೂ ಮಂತ್ರ ಒಂದೇ: 'ಒಂದ್ಸಲ ಆಫ್ ಮಾಡಿ ಆನ್ ಮಾಡ್ರೀ.' ಟ್ಯಾಬುಗಳಿಗೆ ಬೀಳುವ ಕೊನೆಯ ಪೆಟ್ಟು ಇದೇ. ಕ್ರೋಮ್ ಇಟ್ಟುಕೊಳ್ಳುವುದು ಈಗಿನ ಸೆಷನ್ನು ಮತ್ತು ಹಿಂದಿನ ಸೆಷನ್ನು, ಎರಡೇ. ಖಾಲಿ ಬ್ರೌಸರನ್ನು ಮುಚ್ಚಿ ಮತ್ತೆ ತೆರೆದರೆ ಆ ಖಾಲಿಯೇ 'ಹಿಂದಿನದು' ಆಗಿ ಪಟ್ಟಕ್ಕೆ ಬರುತ್ತದೆ, ಅರವತ್ತಮೂರು ಟ್ಯಾಬು ಹೊರಗೆ. ಐಟಿ ವಿಭಾಗದವರು ಬಂದು ಮೂರನೆಯ ಸಲ ಆಫ್-ಆನ್ ಮಾಡುವ ಹೊತ್ತಿಗೆ ಉತ್ತರಕ್ರಿಯೆ ಮುಗಿದಿರುತ್ತದೆ.

ಬುದ್ಧಿವಂತಿಕೆ ಎಂದರೆ ಏನನ್ನೂ ಮುಟ್ಟುವ ಮೊದಲು ನಕಲು ತೆಗೆಯುವುದು. ಕ್ರೋಮಿನಲ್ಲಿ ವೆಬ್ ವಿಳಾಸ ಬರೆಯುವ ಪಟ್ಟಿಯಲ್ಲಿ ಕ್ರೋಮ್, ಕೋಲನ್, ಎರಡು ಓರೆಗೆರೆ, ವರ್ಷನ್ ಎಂದು ಟೈಪಿಸಿದರೆ 'ಪ್ರೊಫೈಲ್ ಪಾತ್', ಅಂದರೆ ಕ್ರೋಮ್ ನಿಮ್ಮ ಕಡತಗಳನ್ನಿಡುವ ಫೋಲ್ಡರಿನ ದಾರಿ, ಕಾಣುತ್ತದೆ. ಆ ಫೋಲ್ಡರಿನೊಳಗೆ 'ಸೆಷನ್ಸ್' ಎಂಬ ಇನ್ನೊಂದು ಫೋಲ್ಡರ್. ಅದರಲ್ಲಿ ಉದ್ದುದ್ದ ಅಂಕಿಯ ಬಾಲವಿರುವ ಸೆಷನ್, ಟ್ಯಾಬ್ಸ್ ಎಂಬ ಕಡತಗಳು. ಪೂರ್ತಿ ಫೋಲ್ಡರನ್ನೇ ಡೆಸ್ಕ್‌ಟಾಪಿಗೆ ಕಾಪಿ ಮಾಡಿ. ಬೇರೇನೂ ಫಲಿಸದಿದ್ದರೂ ನೋಟ್‌ಪ್ಯಾಡಿನಲ್ಲಿ ತೆರೆದರೆ ಅರ್ಥವಾಗದ ಗುರುತುಗಳ ನಡುವೆ ವಿಳಾಸಗಳು ಹಪ್ಪಳದೊಳಗಿನ ಜೀರಿಗೆಯಂತೆ ಕಾಣಿಸುತ್ತವೆ. ಫೈರ್‌ಫಾಕ್ಸಿನ 'ಸೆಷನ್‌ಸ್ಟೋರ್-ಬ್ಯಾಕಪ್ಸ್' ಫೋಲ್ಡರಿನಲ್ಲಿ 'ಪ್ರೀವಿಯಸ್' ಎಂಬ ಕಡತವಿರುತ್ತದೆ. ಬ್ರೌಸರನ್ನು ಪೂರ್ತಿ ಮುಚ್ಚಿ, ಅದರ ಪ್ರತಿಗೆ 'ಸೆಷನ್‌ಸ್ಟೋರ್' ಎಂದು ಹೆಸರಿಟ್ಟು, ಬಾಲದ 'ಜೇಸನ್‌ಎಲ್‌ಜೆಡ್4' ಹಾಗೇ ಉಳಿಸಿ, ಒಂದು ಮೆಟ್ಟಿಲು ಮೇಲಿನ ಫೋಲ್ಡರಿಗೆ ಹಾಕಬೇಕು. ಬ್ರೌಸರ್ ತೆರೆದಿರುವಾಗಲೇ ಹಾಕಿದರೆ, ಮುಚ್ಚುವಾಗ ಅದು ತನ್ನ ಖಾಲಿ ಹಾಳೆಯನ್ನು ಅದರ ಮೇಲೆಯೇ ಬರೆದು ಹೋಗುತ್ತದೆ.

ಇನ್ನು ಇನ್‌ಕಾಗ್ನಿಟೋದಲ್ಲಿ, ಅಂದರೆ ಹಿಸ್ಟರಿ ಉಳಿಸದ ಗುಟ್ಟಿನ ವಿಂಡೋದಲ್ಲಿ, ಬೇರೆ ಕಂಪನಿಯ ಕೆಲಸಕ್ಕೆ ಅರ್ಜಿ ತುಂಬುತ್ತಿದ್ದವರ ಟ್ಯಾಬು ಹೋಯಿತೆಂದರೆ ಹೋಯಿತು. ಗುಟ್ಟಿರಲಿ ಎಂದು ಕೇಳಿದ್ದು ನೀವೇ.

ಅಷ್ಟಕ್ಕೂ ನಾಡಿನ ನಿಜವಾದ ತಮಾಷೆ ಅರ್ಜಿಯ ಟ್ಯಾಬಿನದು. ಹದಿನಾಲ್ಕು ಕಾಲಮ್ಮು ತುಂಬಿ, ಫೋಟೋ 50 ಕೆಬಿಗೆ ಇಳಿಸಿ, ಜಾತಿ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಹುಡುಕಿಕೊಂಡು ಬರುವಷ್ಟರಲ್ಲಿ ಕರೆಂಟು ಹೋಗುತ್ತದೆ. ಫೈರ್‌ಫಾಕ್ಸು ಟ್ಯಾಬಿನ ಜೊತೆಗೆ, ಸಾಧ್ಯವಾದಷ್ಟು, ಟೈಪಿಸಿದ ಅಕ್ಷರಗಳನ್ನೂ ಎತ್ತಿ ತರುತ್ತದೆ. ತಂದೆಯ ಹೆಸರು ಇದೆ, ಹೋಬಳಿ ಇದೆ, ಪಿನ್‌ಕೋಡ್ ಇದೆ. ಸಂತೋಷದಿಂದ 'ಸಲ್ಲಿಸಿ' ಒತ್ತಿದರೆ ಆ ಕಡೆಯ ಸರ್ವರ್ 'ಸೆಷನ್ ಎಕ್ಸ್‌ಪೈರ್ಡ್' ಎನ್ನುತ್ತದೆ. ಈ ಕಡೆಯ ಯಂತ್ರಕ್ಕೆ ನಿಮ್ಮ ಹೋಬಳಿಯೂ ನೆನಪಿದೆ, ಅರ್ಜಿ ಕರೆದವರಿಗೆ ನೀವು ಯಾರೆಂದೇ ಗೊತ್ತಿಲ್ಲ. ಮೇಲೆ ಕೆಂಪಕ್ಷರದಲ್ಲಿ ಸೂಚನೆ ಬೇರೆ: ಹಿಂದಕ್ಕೆ ಹೋಗಬೇಡಿ, ರಿಫ್ರೆಶ್ ಮಾಡಬೇಡಿ. ಉಸಿರಾಡಬಹುದೋ ಇಲ್ಲವೋ ಬರೆದಿಲ್ಲ.

ಇಷ್ಟೆಲ್ಲ ಸಂಕಟ ಬೇಡವೆಂದರೆ ಕ್ರೋಮಿನ ಸೆಟ್ಟಿಂಗ್ಸಿನಲ್ಲಿ 'ಆನ್ ಸ್ಟಾರ್ಟಪ್' ಕೆಳಗೆ 'ಕಂಟಿನ್ಯೂ ವೇರ್ ಯೂ ಲೆಫ್ಟ್ ಆಫ್' ಆರಿಸಿಟ್ಟರೆ ಸಾಕು. ಎರಡು ವಿಂಡೋ ಇದ್ದಾಗ ದೊಡ್ಡದನ್ನು ಮೊದಲು ಮುಚ್ಚಿ ಪುಡಿ ವಿಂಡೋವನ್ನು ಕೊನೆಗೆ ಮುಚ್ಚಿದರೆ ಮರುದಿನ ಪುಡಿಯೇ ಬರುತ್ತದೆ, ಆದ್ದರಿಂದ ಮೆನುವಿನ 'ಎಕ್ಸಿಟ್' ಒತ್ತಿ ಏಳುವುದು ಕ್ಷೇಮ. ಕಂಟ್ರೋಲ್, ಶಿಫ್ಟ್, ಡಿ ಒತ್ತಿದರೆ ಎಲ್ಲ ಟ್ಯಾಬೂ ಒಂದೇ ಬುಕ್‌ಮಾರ್ಕ್ ಫೋಲ್ಡರಿಗೆ ಸೇರುತ್ತವೆ. ಅದಕ್ಕೆ 'ಓದಬೇಕಾದದ್ದು' ಎಂದು ಹೆಸರಿಡುವುದು ವಾಡಿಕೆ, ತೆರೆಯುವುದು ವಾಡಿಕೆಯಲ್ಲ. ಆಂಡ್ರಾಯ್ಡ್ ಫೋನಿನ ಕ್ರೋಮು ಟ್ಯಾಬು ನೂರು ಮುಟ್ಟುತ್ತಲೇ ಎಣಿಸುವುದನ್ನು ಬಿಟ್ಟು, ಸಂಖ್ಯೆಯ ಜಾಗದಲ್ಲಿ ಅಡ್ಡ ಮಲಗಿದ ನಗುಮುಖ ತೋರಿಸುತ್ತದೆ. ಅದಕ್ಕೂ ವಿಷಯ ಗೊತ್ತಾಗಿದೆ.

ಅಂತೂ ಅರ್ಧ ದಿನದ ಹೋರಾಟದ ಬಳಿಕ ಅರವತ್ತಮೂರೂ ಮರಳಿ ಬರುತ್ತವೆ. ಏಳು ಟ್ಯಾಬು ಒಂದೇ ಹವಾಮಾನದ ಪುಟ. ಒಂದು, ಆಗಲೇ ಹೋಗಿ ಬಂದಾಗಿರುವ ಮದುವೆಮನೆಯ ಮ್ಯಾಪು. ಇನ್ನೊಂದು ಪಿಯುಸಿ ಫಲಿತಾಂಶದ ಪುಟ, ಆ ಹುಡುಗ ಈಗ ಇಂಜಿನಿಯರಿಂಗ್ ಮೂರನೇ ಸೆಮಿಸ್ಟರಿನಲ್ಲಿದ್ದಾನೆ. 'ಇರಲಿ ಬಿಡ್ರೀ, ಮುಚ್ಚಬೇಡಿ.'